ಸಿಂಗಪುರದಿಂದ ಕ್ರೈಸ್ಟ್‌ಚರ್ಚಿಗೆ ಹತ್ತು ಗಂಟೆ

ಸಿಂಗಪುರದ ವಿಮಾನ ನಿಲ್ದಾಣದಿಂದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಿಲ್ದಾಣಕ್ಕೆ ಸುಮಾರು ಎಂಟು ಸಾವಿರದ ನಾನೂರು ಕಿಲೋಮೀಟರು. ಹಾರುವುದಕ್ಕೆ ಹತ್ತು ಗಂಟೆ. ಗಾಳಿ ಬೆನ್ನಿಗಿದ್ದರೆ ಹತ್ತು ಹದಿನೈದು ನಿಮಿಷ ಉಳಿಯಬಹುದು, ಎದುರಿಗಿದ್ದರೆ ಅಷ್ಟೇ ಹೆಚ್ಚಾಗಬಹುದು. ಆ ಎರಡು ಊರುಗಳಲ್ಲಿ ಒಂದನ್ನೂ ನಾನು ಆಗ ಕಂಡಿರಲಿಲ್ಲ. ಆದರೂ ಕಳೆದ ವರ್ಷ ಇಡೀ ಒಂದು ತಿಂಗಳು ಈ ಲೆಕ್ಕವನ್ನು ಎಷ್ಟು ಸಲ ಹೇಳಿಕೊಂಡೆನೆಂದರೆ, ಸೊಪ್ಪಿನವಳು ಎಷ್ಟು ಕಟ್ಟು ಕೊಡ್ಲಿ ಎಂದಾಗ ಎಂಟು ಸಾವಿರ ಎಂದು ಬಾಯಿಗೆ ಬಂದು, ಅವಳು ನನ್ನ ಮುಖವನ್ನೇ ನೋಡಿದಳು.

ನಾನು ಮೂವತ್ತೊಂದು ವರ್ಷ ಜಯನಗರದ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಮಾಡಿದವಳು. ಮಕ್ಕಳ ಕೈಗೆ ದಾರ ಕೊಟ್ಟು ಗ್ಲೋಬಿನ ಮೇಲೆ ದೂರ ಅಳೆಸುತ್ತಿದ್ದೆ. ಭೂಪಟದಲ್ಲಿ ಗೆರೆ ಎಳೆದರೆ ಒಂದು ದೂರ, ಗ್ಲೋಬಿನ ಮೇಲೆ ದಾರ ಬಿಗಿಹಿಡಿದರೆ ಇನ್ನೊಂದು. ವಿಮಾನ ಹೋಗುವುದು ದಾರದ ದಾರಿಯಲ್ಲಿ ಎಂದು ಹೇಳಿಕೊಡುತ್ತಿದ್ದೆ. ಯಾವನಾದರೂ ತಲೆಹರಟೆ ಎದ್ದು ನಿಂತು “ಮಿಸ್, ನೀವು ವಿಮಾನ ಹತ್ತಿದೀರಾ?” ಎಂದು ಕೇಳುತ್ತಿದ್ದ. “ಬಾಯ್ಮುಚ್ಕೊಂಡು ದಾರ ಹಿಡಿ” ಎನ್ನುತ್ತಿದ್ದೆ. ಹತ್ತಿರಲಿಲ್ಲ. ಐವತ್ತೈದು ವರ್ಷವಾದರೂ ಹತ್ತಿರಲಿಲ್ಲ. ಅದನ್ನು ಮಕ್ಕಳ ಮುಂದೆ ಒಪ್ಪಿಕೊಳ್ಳಲು ನನಗೇನು ಹುಚ್ಚೇ?

ಕ್ರೈಸ್ಟ್‌ಚರ್ಚಿನಲ್ಲಿ ನನ್ನ ತಂಗಿ ಇದ್ದಾಳೆ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕಡೆ ನರ್ಸ್. ನನಗಿಂತ ಹದಿನಾರು ವರ್ಷ ಚಿಕ್ಕವಳು. ಮದುವೆಯಾಗಿ ಹನ್ನೊಂದು ವರ್ಷ, ಎರಡು ಸಲ ಬಸಿರು ನಿಂತು ಇಳಿದುಹೋಗಿ, ಮೂವತ್ತೊಂಬತ್ತನೇ ವಯಸ್ಸಿಗೆ ಬಸುರಾಗಿದ್ದಳು. ಡಾಕ್ಟರರು ಗುರುವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಎಂದು ದಿನ ಗೊತ್ತುಮಾಡಿದ್ದರು. ಅವಳ ಆಸ್ಪತ್ರೆಯಲ್ಲಿ ಹೆರಿಗೆಯ ಆಪರೇಷನ್ ಆಗುವಾಗ ತಲೆಯ ಹತ್ತಿರ ಒಂದು ಕುರ್ಚಿ ಹಾಕಿ ಮನೆಯವರೊಬ್ಬರನ್ನು ಕೂರಿಸುತ್ತಾರಂತೆ. ಅವಳ ಗಂಡ ದೇವರಂಥ ಮನುಷ್ಯ, ಆದರೆ ರಕ್ತ ಕಂಡರೆ ಆಗುವುದಿಲ್ಲ. ಹಿಂದೊಮ್ಮೆ ನಮ್ಮ ಮನೆಗೆ ಬಂದಿದ್ದಾಗ ಬದನೆಕಾಯಿ ಹೆಚ್ಚುತ್ತಾ ಬೆರಳು ಕೊಯ್ದುಕೊಂಡು, ಸಿಂಕಿನ ಕೆಳಗೆ ಬಿದ್ದಿದ್ದ ಆಸಾಮಿ.

“ಅಕ್ಕ, ಆ ಕುರ್ಚೀಲಿ ನೀನೇ ಕೂತಿರ್ಬೇಕು” ಎಂದಳು ಫೋನಿನಲ್ಲಿ.

“ಇರ್ತೀನಿ ಕಣೆ.”

“ಹಂಗಲ್ಲ. ಪ್ರಾಮಿಸ್ ಮಾಡು.”

ಮಾಡಿದೆ. ಮಾಡಿದ ದಿನದಿಂದ ನನಗೆ ನಿದ್ದೆ ಇಲ್ಲ. ಹಾಲು ಉಕ್ಕಿಸುವುದು, ಗ್ಯಾಸ್ ಹಚ್ಚಿ ಯಾಕೆ ಹಚ್ಚಿದೆ ಎಂದು ಮರೆಯುವುದು, ಮೂರು ಸಲ ಪೆಟ್ಟಿಗೆ ಬಿಚ್ಚಿ ಮೂರು ಸಲ ಕಟ್ಟುವುದು. ಬಾಣಂತಿಗೆಂದು ಓಮ, ಅಂಟಿನುಂಡೆ, ಬಾಣಂತಿ ಖಾರ ಎಲ್ಲ ಸಿದ್ಧ ಮಾಡಿದ್ದೆ. ಅಲ್ಲಿಯ ಏರ್‌ಪೋರ್ಟಿನಲ್ಲಿ ಕಾಳುಕಡ್ಡಿ ಕಂಡರೆ ದೊಡ್ಡ ರಾದ್ಧಾಂತ, ಏನೂ ತರಬೇಡ ಎಂದು ತಂಗಿ ಬೈದಳು. ಎಲ್ಲವನ್ನೂ ತೆಗೆದು ಕೆಳಗಿನ ಮನೆಯ ಓನರ್ ಆಂಟಿಗೆ ಕೊಟ್ಟೆ. ಬಾಣಂತನಕ್ಕೆ ಹೊರಟವಳು ಬರೀ ಎರಡು ಕೈ ಬೀಸಿಕೊಂಡು ಹೊರಟಂತಾಯಿತು.

ನನ್ನ ಚಡಪಡಿಕೆಗೆ ಕಾರಣ ವಿಮಾನವಲ್ಲ. ನಮ್ಮಮ್ಮ ಸತ್ತದ್ದು ಈ ತಂಗಿಯನ್ನು ಹೆತ್ತು. ನನಗಾಗ ಹದಿನಾರು. ಆಸ್ಪತ್ರೆಯ ವರಾಂಡದಲ್ಲಿ ನಾನೊಬ್ಬಳೇ ಕೂತಿದ್ದೆ. ಅಪ್ಪ ಔಷಧಿ ತರಲು ಹೋಗಿದ್ದರು. ಒಳಗಿಂದ ಮಗು ಅತ್ತದ್ದು ಕೇಳಿಸಿತು. ಆಯಾ ಬಾಗಿಲು ತೆರೆದು “ಹೆಣ್ಣು” ಎಂದಳು. ಅಷ್ಟು ಕೇಳಿದ್ದೇ ತಡ, ಅಜ್ಜಿಗೆ ಹೇಳಬೇಕೆಂದು ಬಸ್ಸು ಹಿಡಿದು ಬನಶಂಕರಿಯ ಮನೆಗೆ ಓಡಿದೆ. ಅಕ್ಕಪಕ್ಕದ ಮನೆಗಳಿಗೆಲ್ಲ ಸಕ್ಕರೆ ಹಂಚಿದೆ. ಒಬ್ಬಳು ಹೆಂಗಸು ನನ್ನ ಕೆನ್ನೆ ಸವರಿ, ಇನ್ನು ಮೇಲೆ ಅಮ್ಮನಿಗೆ ನೀನೇ ಬಲಗೈ ಎಂದಳು. ಹೋಗಿ ಬರಲು ಒಂದೂವರೆ ಗಂಟೆ ಹಿಡಿದಿರಬಹುದು. ವಾಪಸ್ಸು ಬಂದಾಗ ಅಪ್ಪ ಔಷಧಿಯ ಪೊಟ್ಟಣ ಹಿಡಿದುಕೊಂಡು ಗೋಡೆಗೆ ಮುಖಮಾಡಿ ನಿಂತಿದ್ದರು. ಅಮ್ಮ ಮಧ್ಯೆ ಒಂದು ಸಲ ಕಣ್ಣುಬಿಟ್ಟು, ದೊಡ್ಡವಳೆಲ್ಲಿ ಎಂದು ಕೇಳಿದಳಂತೆ. ಮನೆಗೆ ಹೋಗಿದಾಳೆ ಎಂದು ಆಯಾ ಹೇಳಿದಳಂತೆ. ಇದನ್ನು ನಾನು ತಂಗಿಗೆ ಒಂದೇ ಒಂದು ಸಲ ಹೇಳಿದ್ದೇನೆ, ಅವಳ ಮದುವೆಯ ಹಿಂದಿನ ದಿನ. ಅವಳು ಮತ್ತೆಂದೂ ಕೇಳಲಿಲ್ಲ. ಆದರೆ ಆ ಕುರ್ಚಿಯಲ್ಲಿ ನೀನೇ ಇರಬೇಕು ಎಂದು ಅವಳು ಹೇಳಿದ್ದು ಯಾಕೆಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಟಿಕೆಟ್ ತೆಗೆದದ್ದು ಅವಳ ಗಂಡ, ನನಗೊಬ್ಬಳಿಗೇ. ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಬೆಂಗಳೂರಿನಿಂದ ಹೊರಟು ಸಿಂಗಪುರ. ಅಲ್ಲಿಗೆ ನಾಲ್ಕೂವರೆ ಗಂಟೆ, ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವುದಕ್ಕಿಂತ ಕಡಿಮೆ. ಅಲ್ಲಿ ಎರಡು ಗಂಟೆ ಕಾದು, ಸಂಜೆ ಇನ್ನೊಂದು ವಿಮಾನ. ಬುಧವಾರ ಬೆಳಿಗ್ಗೆ ಅಲ್ಲಿ ಇಳಿದರೆ ಗುರುವಾರದ ಆಪರೇಷನ್ನಿಗೆ ಒಂದು ಇಡೀ ದಿನ ಕೈಯಲ್ಲಿರುತ್ತದೆ. ಲೆಕ್ಕ ಚೊಕ್ಕವಾಗಿತ್ತು. ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವುವವರೆಗೆ.

ಮಂಗಳವಾರ ಅಮಾವಾಸ್ಯೆ.

ನೋಡಿ, ಗ್ರಹಣ ಹೇಗಾಗುತ್ತದೆ ಎಂದು ನಿಂಬೆಹಣ್ಣು, ಟಾರ್ಚು ಹಿಡಿದು ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು. ಅಮಾವಾಸ್ಯೆ ಎಂದರೆ ಚಂದ್ರ ಎಲ್ಲಿರುತ್ತಾನೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೊರಟಿರುವುದು ಎಂಥ ಕೆಲಸಕ್ಕೆ ಎಂಬುದು ನೆನಪಾದರೆ ಕೈ ಮತ್ತೆ ಆ ಕ್ಯಾಲೆಂಡರಿನ ಹಾಳೆಗೇ ಹೋಗುತ್ತಿತ್ತು. ಆಗ ನನಗೆ ಅಜ್ಜಿ ಮಾಡುತ್ತಿದ್ದ ಪರಸ್ಥಾನ ನೆನಪಾಯಿತು. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೂ ಮುಂಚಿನ ಒಂದು ಒಳ್ಳೆಯ ದಿನ ಪ್ರಯಾಣದ ಸಾಮಾನೊಂದನ್ನು ಬೇರೆಯವರ ಮನೆಗೆ ಸಾಗಿಸಿ ಇಡುವುದು. ಅಲ್ಲಿಗೆ ನೀವು ಆವತ್ತೇ ಹೊರಟುಬಿಟ್ಟಂತೆ. ಅಸಲಿ ದಿನ ಹೋಗುವಾಗ ಅದನ್ನು ಎತ್ತಿಕೊಂಡು ಮುಂದುವರಿದರಾಯಿತು. ಭಾನುವಾರ ತ್ರಯೋದಶಿ, ದಿವಿನಾದ ದಿನ.

“ಒಂದು ಸೀರೆ ಇಟ್ಬಿಡು” ಎಂದರು ನಮ್ಮನೆಯವರು, ಪೇಪರಿನಿಂದ ತಲೆ ಎತ್ತದೆ. ಅವರಿಗೆ ಎಲ್ಲವೂ ಅಷ್ಟೇ, ಒಂದು ಸೀರೆ ಇಟ್ಟರೆ ಮುಗಿಯಿತು.

ಅಜ್ಜಿಯ ಕಟ್ಟಳೆ ಬೇರೆ ಇತ್ತು. ಹೊರಡಲು ಬೇಕೇ ಬೇಕಾದದ್ದನ್ನು ಇಡಬೇಕು, ಹಳೇ ಟವೆಲ್ಲು ಇಟ್ಟು ದೇವರಿಗೆ ಮೋಸ ಮಾಡಬಾರದು ಎನ್ನುತ್ತಿದ್ದರು. “ಇನ್ನೊಂದು ಸೀರೆ ಇಲ್ದಿದ್ರೂ ವಿಮಾನ ಹತ್ತಿಸ್ತಾರೆ ರೀ. ಪಾಸ್‌ಪೋರ್ಟ್ ಇಲ್ದೆ ಹತ್ತಿಸ್ತಾರಾ?” ಎಂದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ. ಪಾಸ್‌ಪೋರ್ಟನ್ನು ಹಳದಿ ಬಟ್ಟೆಯ ಚೀಲದೊಳಗೆ ಹಾಕಿ, ಮೇಲೆ ಅಕ್ಷತೆ, ಅಡಿಕೆ ಇಟ್ಟು, ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮೆಟ್ಟಿಲಿಳಿದು ಓನರ್ ಆಂಟಿಯ ಮನೆಗೆ ಹೋದೆ.

ಓನರ್ ಆಂಟಿ ಎಂದು ಕರೆಯುತ್ತೇನೆ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರಿರಬಹುದು ಅಷ್ಟೆ. ಜರಗನಹಳ್ಳಿಯ ಹಳೇ ಜಮೀನಿನ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಅಂತಸ್ತು ಕಟ್ಟಿಸಿ, ನಮ್ಮನ್ನು ಮೇಲಿಟ್ಟುಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಒಂದೇ ಕಟ್ಟಡ, ಇದು ಬೇರೆ ಮನೆ ಹೇಗಾಗುತ್ತದೆ ಎಂದು ನಮ್ಮನೆಯವರು ತಗಾದೆ ತೆಗೆದಿದ್ದರು. ಒಲೆ ಬೇರೆ ಆದರೆ ಮನೆ ಬೇರೆ ಎಂದು ನಾನು ತೀರ್ಪು ಕೊಟ್ಟೆ. ಆಂಟಿಯಂತೂ ಸೆರಗಿನಲ್ಲಿ ಚೀಲವನ್ನು ಮಗುವಿನಂತೆ ಇಸಿದುಕೊಂಡು ದೇವರ ಗೂಡಿನಲ್ಲಿಟ್ಟರು. “ನೀವು ಹೊಂಟ್ರಿ ಅಂತ್ಲೇ ಲೆಕ್ಕ ಟೀಚರಮ್ಮಾ. ಮಂಗಳವಾರ ಬಾಗ್ಲು ತಟ್ಟಿ, ಕೊಡ್ತೀನಿ” ಎಂದರು.

ಮನೆಗೆ ಬಂದೊಡನೆ ನಮ್ಮನೆಯವರು “ಏನ್ ಸಿಂಗಪುರ ತಲುಪಿದ್ಯಾ?” ಎಂದು ಕಿಚಾಯಿಸಿದರು. ನನಗೆ ರೇಗಿತು. “ಪರಸ್ಥಾನದ ವಿಷಯ ಇನ್ನೊಂದು ಸಲ ನಿಮ್ಮ ಬಾಯಲ್ಲಿ ಬಂದ್ರೆ ನೋಡಿ” ಎಂದೆ. ಪಾಪ, ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಕಾರು ಬರಬೇಕಿತ್ತು, ಆರಕ್ಕೆ ಹತ್ತು ನಿಮಿಷ ಮುಂಚೆಯೇ ಬಂತು. “ಮೇಡಂ, ಲೊಕೇಶನ್‌ಗೆ ಬಂದಿದೀನಿ” ಎಂದು ಡ್ರೈವರು ಎರಡು ಸಲ ಫೋನ್ ಮಾಡಿದ. ಗ್ಯಾಸ್ ಆಫ್ ಮಾಡಿದ್ರಾ, ಹಿಂದಿನ ಬಾಗಿಲು ಹಾಕಿದ್ರಾ, ಟಿಕೆಟ್ ಪ್ರಿಂಟೌಟ್ ಇಟ್ಕೊಂಡ್ರಾ ಎಂದು ನಾನು ಕೂಗುತ್ತಾ ಇಳಿದೆ. ಕೆಳಗೆ ಆಂಟಿಯ ಬಾಗಿಲಿಗೆ ಬೀಗವಿತ್ತು. ಪುಟ್ಟೇನಹಳ್ಳಿ ಕೆರೆಗೆ ವಾಕಿಂಗ್ ಹೋಗಿದ್ದಾರೆ, ಹೇಳಿ ಹೋಗಲು ಸಿಗಲಿಲ್ಲವಲ್ಲ ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು. ನಂಬುತ್ತೀರಾ? ಆ ಬೀಗವನ್ನು ನನ್ನ ಎರಡು ಕಣ್ಣಿಂದ ನೋಡಿದೆ, ಅದರ ಹಿಂದೆ ಏನಿದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಜರಗನಹಳ್ಳಿಯಿಂದ ಏರ್‌ಪೋರ್ಟಿಗೆ ಐವತ್ತು ಕಿಲೋಮೀಟರಿನ ಹತ್ತಿರ. ಎರಡು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ನಾನು ಕೈಗಡಿಯಾರ ನೋಡುತ್ತಲೇ ಇದ್ದೆ. ಕನಕಪುರ ರಸ್ತೆಯಲ್ಲಿ ಬಸ್ಸಿನ ಹಿಂದೆ ನಿಂತಾಗ ಡ್ರೈವರಿಗೆ ಬುದ್ಧಿ ಹೇಳಿದೆ, ಹೆಬ್ಬಾಳದಲ್ಲಿ ನಮ್ಮನೆಯವರು ತೂಕಡಿಸಿದ್ದಕ್ಕೆ ಅವರಿಗೆ ಹೇಳಿದೆ. ನಿಲ್ದಾಣದ ಬಾಗಿಲಿನಲ್ಲಿ ಸಮವಸ್ತ್ರದವನು “ಟಿಕೆಟ್, ಪಾಸ್‌ಪೋರ್ಟ್” ಎಂದ. ಬ್ಯಾಗಿಗೆ ಕೈಹಾಕಿದೆ. ಪಾಸ್‌ಪೋರ್ಟಿನ ಜೆರಾಕ್ಸು ಸಿಕ್ಕಿತು. ಇನ್ನೊಂದು ಜೆರಾಕ್ಸು ಸಿಕ್ಕಿತು. ಮೂರನೆಯದೂ ಸಿಕ್ಕಿತು.

“ಒರಿಜಿನಲ್ ಮೇಡಂ?”

ದೇವರ ಗೂಡು, ಹಳದಿ ಚೀಲ, ಬೀಗ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಹಿಂದಿದ್ದವರು ನನ್ನನ್ನು ದಾಟಿಕೊಂಡು ತಮ್ಮ ಪೆಟ್ಟಿಗೆ ತಳ್ಳುತ್ತಾ ಒಳಗೆ ಹೋದರು.

“ನಿಮಗಾದ್ರೂ ನೆನಪಾಗ್ಬಾರ್ದಿತ್ತಾ?” ಎಂದು ಕಿರುಚಿದೆ.

“ನೀನೇ ತಾನೇ ಅದರ ಮಾತೆತ್ತಬೇಡಿ ಅಂದಿದ್ದು?” ಎಂದರು ನಮ್ಮನೆಯವರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಮಾತು ಅಕ್ಷರಶಃ ಪಾಲಿಸಿದ್ದು ಅದೊಂದೇ ಸಲ.

ಆಗ ಎಂಟು ಗಂಟೆ. ಒಂಬತ್ತು ನಲವತ್ತಕ್ಕೆ ಕೌಂಟರ್ ಮುಚ್ಚುತ್ತದೆ. ಆಂಟಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ವಾಕಿಂಗಿಗೆ ಹೋಗುವಾಗ ಅವರು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಹದಿನೇಳು ಸಲ ಮಾಡಿದೆ. ಎಂಟೂ ಇಪ್ಪತ್ತೈದಕ್ಕೆ ಎತ್ತಿದರು. ಚೀಲವನ್ನು ಯಾವನಾದರೂ ಬೈಕಿನವನ ಕೈಯಲ್ಲಿ ಕೊಟ್ಟು ಕಳಿಸಿ ಎಂದೆ. “ಅಯ್ಯೋ ಶಿವನೇ, ಪರಸ್ಥಾನದ ಚೀಲ ಕಂಡೋರ ಕೈಗೆ ಕೊಡಕಾಯ್ತದಾ? ನಾನೇ ತರ್ತೀನಿ ಇರಿ” ಎಂದರು. ಆಮೇಲೆ ತಿಳಿದದ್ದು: ಗೂಡಿನಿಂದ ಚೀಲ ಎತ್ತುವ ಮೊದಲು ಹಾಗೇ ಎತ್ತಬಾರದೆಂದು ಕೈಕಾಲು ತೊಳೆದು ದೀಪ ಹಚ್ಚಿದ್ದರಂತೆ.

ಅವರು ತಮ್ಮ ಅಕ್ಕನ ಮಗನ ಕಾರಿನಲ್ಲಿ, ವಾಕಿಂಗ್ ಶೂ, ಸೀರೆ, ಮೇಲೊಂದು ಸ್ವೆಟರಿನಲ್ಲಿ ಬಂದು ಇಳಿದಾಗ ಹತ್ತೂ ಇಪ್ಪತ್ತು. ಚೀಲವನ್ನು ಎದೆಗವಚಿಕೊಂಡು ಓಡಿ ಬಂದರು. ನನ್ನ ಮುಖ ನೋಡಿ ಅಲ್ಲೇ ನಿಂತರು. ಅವರ ಮೇಲೆ ಕೂಗಾಡಲು ಬಾಯಿ ತೆರೆದವಳು, ಆ ಹೆಂಗಸು ಅಳುತ್ತಿರುವುದನ್ನು ಕಂಡು ಚೀಲವನ್ನಷ್ಟೇ ಇಸಿದುಕೊಂಡೆ. ಏರ್‌ಲೈನಿನವರು ಮರುದಿನದ ಅದೇ ವಿಮಾನಕ್ಕೆ ಸೀಟು ಬದಲಾಯಿಸಿಕೊಟ್ಟರು. ಅಂದರೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನು ಅಲ್ಲಿ ಇಳಿಯುತ್ತೇನೆ. ಆಪರೇಷನ್ ಎಂಟಕ್ಕೆ. ಅವಳನ್ನು ಒಳಗೆ ಕರೆದೊಯ್ಯುವಾಗ ನಾನು ಆ ಎಂಟು ಸಾವಿರದ ನಾನೂರು ಕಿಲೋಮೀಟರಿನ ನಡುವೆ ಯಾವುದೋ ಮೋಡದ ಮೇಲಿರುತ್ತೇನೆ, ಫೋನಿಲ್ಲದೆ.

ವಾಪಸ್ಸು ಬರುವಾಗ ಕಾರಿನಲ್ಲೇ ತಂಗಿಗೆ ಫೋನ್ ಮಾಡಿದೆ. ಸುಳ್ಳು ಹೇಳಲೆಂದೇ ಮಾಡಿದೆ, ಒಪ್ಪಿಕೊಳ್ಳುತ್ತೇನೆ. ವಿಮಾನ ಕೆಟ್ಟಿದೆಯಂತೆ, ನಾಳೆಗೆ ಹಾಕಿದ್ದಾರೆ ಎಂದೆ.

“ಅಕ್ಕ, ನಾನು ಬೆಳಿಗ್ಗೆಯಿಂದ ಮೊಬೈಲಲ್ಲಿ ಆ ಫ್ಲೈಟೇ ನೋಡ್ತಿದೀನಿ. ಸರಿಯಾದ ಟೈಮಿಗೆ ಹೊರಟಿದೆ. ಈಗ ಸಮುದ್ರದ ಮೇಲಿದೆ. ನೀನು ಹತ್ತಲಿಲ್ಲ ಅಲ್ವಾ?”

ಬೇರೆ ದಾರಿಯಿಲ್ಲದೆ ನಡೆದದ್ದೆಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. “ಭಯ ಆಯ್ತಾ ಅಕ್ಕ?” ಎಂದಳು.

“ಮರೆತುಹೋಯ್ತು ಕಣೆ, ದೇವರಾಣೆ.”

“ಹೂಂ. ಪರ್ವಾಗಿಲ್ಲ ಬಿಡು” ಎಂದು ಇಟ್ಟಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪರವಾಗಿಲ್ಲ ನನ್ನನ್ನು ಕೊಂದುಹಾಕಿತು. ಮನೆಗೆ ಬಂದರೆ ಕೂರಲಾಗದು, ನಿಲ್ಲಲಾಗದು. ಮೂರು ತಿಂಗಳಿಗೆಂದು ಮುಚ್ಚಿದ ಮನೆ, ನಾನು ಬರುವವರೆಗೆ ನಮ್ಮನೆಯವರು ಅವರ ಅಣ್ಣನ ಮನೆಯಲ್ಲಿರುವುದೆಂದಾಗಿತ್ತು. ಫ್ರಿಜ್ ಖಾಲಿ, ಹಾಲು ನಿಲ್ಲಿಸಿದ್ದೆವು, ಸೋಫಾದ ಮೇಲೆ ಹಳೇ ಬೆಡ್‌ಶೀಟು ಹೊದಿಸಿತ್ತು. ಆಂಟಿ ಮುದ್ದೆ, ಬಸ್ಸಾರು ತಂದಿಟ್ಟರು, ನಾನು ತಟ್ಟೆಯನ್ನೇ ಹಾಕಿಕೊಳ್ಳಲಿಲ್ಲ. ಹಾಲಿನಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿ. ಅವಳು ಕೇಳಿದ್ದು ಸರಿಯಿರಬಹುದೇ? ಪ್ರತಿಯೊಂದನ್ನೂ ಮೂರು ಸಲ ನೋಡುವವಳು ಅದೊಂದನ್ನು ಹೇಗೆ ಮರೆತೆ? ಹೋಗದೆ ಉಳಿಯಲು ನನ್ನ ಕೈಯೇ ಈ ಉಪಾಯ ಮಾಡಿತೇ? ನಾಲ್ಕು ಗಂಟೆಗೆ, ಈಗ ಸಿಂಗಪುರದಲ್ಲಿ ಕೂತಿರುತ್ತಿದ್ದೆ ಎಂದುಕೊಂಡೆ. ಐದೂವರೆಗೆ, ಈಗ ಎರಡನೇ ವಿಮಾನ ಎದ್ದಿರುತ್ತದೆ ಎಂದುಕೊಂಡೆ. “ಒಂದು ಕಡೆ ಕೂತ್ಕೊಳೇ, ನನಗೆ ತಲೆ ತಿರುಗ್ತಿದೆ” ಎಂದರು ನಮ್ಮನೆಯವರು.

ಆರೂವರೆಗೆ, ಆಂಟಿ ಪಾತ್ರೆ ತೆಗೆದುಕೊಂಡು ಹೋಗಲು ಮೇಲೆ ಬಂದಿದ್ದಾಗ, ಫೋನ್ ಬಂತು. ತಂಗಿಯ ಗಂಡ. ಅಲ್ಲಿ ಆಗ ರಾತ್ರಿ ಒಂದು ಗಂಟೆ.

“ಅಕ್ಕ, ನೋವು ಶುರುವಾಗಿಬಿಡ್ತು. ಮಗುವಿನ ಹಾರ್ಟ್‌ಬೀಟ್ ಕಡಿಮೆ ಆಗ್ತಿದೆಯಂತೆ. ಗುರುವಾರದವರೆಗೆ ಕಾಯಲ್ವಂತೆ, ಈಗ್ಲೇ ಮಾಡ್ತಾರಂತೆ. ನಾವು ಥಿಯೇಟರ್ ಒಳಗಿದೀವಿ. ಅವಳು ನಿಮ್ಮ ಹತ್ರ ಮಾತಾಡ್ಬೇಕಂತೆ, ನರ್ಸು ಒಪ್ಪಿದಾರೆ. ಸ್ಪೀಕರ್ ಹಾಕಿದೀನಿ.”

“ಕುರ್ಚೀಲಿ ಯಾರಿದಾರೋ?”

“ನಾನೇ ಅಕ್ಕ. ಕಣ್ಣು ಮುಚ್ಕೊಂಡಿದೀನಿ.”

ಹಿಂದಿನಿಂದ ಆಂಟಿ ಪಿಸುಗುಟ್ಟಿದರು. “ನೋಡಿ ಟೀಚರಮ್ಮಾ, ವಿಮಾನದಾಗಿದ್ದಿದ್ರೆ ಈ ಫೋನ್ ಎತ್ತಕ್ಕಾಯ್ತಿತ್ತಾ? ಪರಸ್ಥಾನವೇ ತಡೀತು.” ನಾನು ತಿರುಗಿ ನೋಡಿದ ನೋಟಕ್ಕೆ ಅವರು ಬಾಯಿಗೆ ಸೆರಗು ಹಿಡಿದುಕೊಂಡರು. ಅಂಥ ಸಮಾಧಾನ ನನಗೆ ಆವತ್ತೂ ಬೇಕಿರಲಿಲ್ಲ, ಇವತ್ತೂ ಬೇಡ.

“ಅಕ್ಕ” ಎಂದಳು ತಂಗಿ. ಧ್ವನಿ ಸಣ್ಣಗಾಗಿತ್ತು. ಏಳನೇ ಕ್ಲಾಸಿನಲ್ಲಿ ಜ್ವರ ಬಂದಾಗ ಹೀಗೇ ಕರೆಯುತ್ತಿದ್ದಳು. “ನೋವಿಲ್ಲ. ಆದ್ರೆ ಏನೋ ಎಳೀತಿದಾರೆ. ಏನಾದ್ರೂ ಮಾತಾಡು. ನಿಲ್ಲಿಸ್ಬೇಡ.”

ಏನು ಮಾತಾಡಲಿ? ಶ್ಲೋಕ ಹೇಳೋಣವೆಂದರೆ ಒಂದು ಸಾಲೂ ನೆನಪಾಗಲಿಲ್ಲ. ಧೈರ್ಯ ಹೇಳೋಣವೆಂದರೆ ಇರುವವರು ಹೇಳಬೇಕು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ, ಅದೇ ಬಾಯಿಗೆ ಬಂತು.

“ನಾನೀಗ ವಿಮಾನದಲ್ಲಿದ್ದಿದ್ರೆ ಎಲ್ಲಿರ್ತಿದ್ದೆ ಗೊತ್ತೇನೆ? ಸಿಂಗಪುರ ಬಿಟ್ಟು ಒಂದು ಗಂಟೆ ಆಗಿರ್ತಿತ್ತು. ಕೆಳಗೆ ಜಾವಾ ಸಮುದ್ರ. ಸಣ್ಣ ಸಮುದ್ರ, ಅಲೆ ಜಾಸ್ತಿ ಇರಲ್ಲ. ಈಗ ಜಾವಾ ದ್ವೀಪ ಬರುತ್ತೆ. ಬೆಂಕಿ ಬೆಟ್ಟಗಳು ಸಾಲಾಗಿ ಇರುತ್ವೆ. ಕೇಳಿಸ್ತಿದ್ಯಾ?”

“ಹೂಂ.”

“ಆಮೇಲೆ ಬರೀ ನೀರು. ಎರಡು ಗಂಟೆ ನೀರು. ಆಮೇಲೆ ಆಸ್ಟ್ರೇಲಿಯಾದ ಅಂಚು. ಅಲ್ಲಿ ಜನ ಇಲ್ಲ, ಕೆಂಪು ಮಣ್ಣು. ನಮ್ಮ ಕೋಲಾರದ ಮಣ್ಣಿಗಿಂತ ಕೆಂಪು. ಎಷ್ಟು ಹೊತ್ತು ಹೋದ್ರೂ ಒಂದು ಊರು ಸಿಗಲ್ಲ.”

“ಲೈಟು?”

“ಲೈಟೂ ಇಲ್ಲ ಕಣೆ. ಎಲ್ಲೋ ಒಂದೊಂದು. ಕಿಟಕಿಯಿಂದ ನೋಡ್ತಾ ಕೂತಿದೀನಿ ಅಂದ್ಕೋ. ಪಕ್ಕದಲ್ಲಿ ಯಾರೋ ಗೊರಕೆ ಹೊಡೀತಿದಾರೆ, ನಿಮ್ಮ ಭಾವನ ಥರ.”

ಅವಳು ಉಸಿರಿನಲ್ಲೇ ನಕ್ಕಳು. ನಾನು ನಿಲ್ಲಿಸಲಿಲ್ಲ. ಮರಳುಗಾಡು ದಾಟಿಸಿದೆ, ಉಪ್ಪಿನ ಕೆರೆಗಳನ್ನು ದಾಟಿಸಿದೆ, ಕುರಿ ಮೇಯುವ ಬಯಲುಗಳಿಗೆ ಬಂದೆ. ಒಂದೂ ನೋಡಿದ್ದಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದ್ದು, ಅಷ್ಟೇ. ಆಸ್ಟ್ರೇಲಿಯಾದ ಆಚೆ ಕಡೆಯ ದಡ ತಲುಪಿ, ಇನ್ನು ಟಾಸ್ಮನ್ ಸಮುದ್ರ ಎಂದು ಹೇಳುವಷ್ಟರಲ್ಲಿ ಮಗು ಅತ್ತಿತು.

ಆಂಟಿ ಎರಡೂ ಕೈ ಎತ್ತಿ ಮುಗಿದರು. ನಮ್ಮನೆಯವರು ಕುರ್ಚಿಯಿಂದ ಎದ್ದೇಬಿಟ್ಟರು. ಫೋನಿನೊಳಗಿಂದ ತಂಗಿಯ ಗಂಡ ಅಳುತ್ತಾ “ಹೆಣ್ಣು ಅಕ್ಕ, ಹೆಣ್ಣುಮಗು” ಎಂದ.

ಈ ಸದ್ದನ್ನು, ಈ ಮಾತನ್ನು ನಾನು ಹಿಂದೊಮ್ಮೆ ಕೇಳಿ ನಂಬಿದ್ದೆ.

“ಮಗು ಇರ್ಲಿ ಕಣೋ. ಅವಳೆಲ್ಲಿ? ಅವಳು ಮಾತಾಡ್ಲಿ.”

“ಮಾತಾಡ್ತಿಲ್ಲ ಅಕ್ಕ, ಕಣ್ಣು ಮುಚ್ಚಿದಾಳೆ. ರಕ್ತ ಸ್ವಲ್ಪ ಜಾಸ್ತಿ ಅಂತಿದಾರೆ. ನನ್ನನ್ನ ಮಗು ಜೊತೆ ಹೊರಗೆ ಹೋಗು ಅಂತಿದಾರೆ. ಫೋನ್ ಅವಳ ತಲೆ ಹತ್ರ ಇಟ್ಟು ಹೋಗ್ತೀನಿ.”

ಅವನ ಹೆಜ್ಜೆಗಳು ದೂರವಾದವು. ಮಗುವಿನ ಅಳುವೂ ದೂರವಾಯಿತು. ಯಾವುದೋ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು, ಯಾರೋ ಇಂಗ್ಲಿಷಿನಲ್ಲಿ ಬೇಗ ಬೇಗ ಮಾತಾಡುತ್ತಿದ್ದರು. ಒಂದು ಮಾತೂ ಅರ್ಥವಾಗಲಿಲ್ಲ.

“ಇಡು ಫೋನು. ಅವರ ಕೆಲಸ ಅವರು ಮಾಡ್ಲಿ” ಎಂದು ನಮ್ಮನೆಯವರು ಮೆಲ್ಲಗೆ ಕೈಚಾಚಿದರು.

“ಇಡಲ್ಲ ರೀ” ಎಂದೆ. ನೆಲದ ಮೇಲೆ ಕೂತೆ. ಫೋನನ್ನು ಬಾಯಿಗೆ ಹತ್ತಿರ ಹಿಡಿದೆ.

“ಟಾಸ್ಮನ್ ಸಮುದ್ರ ಕಣೆ. ಇದು ಒರಟು ಸಮುದ್ರ, ಗಾಳಿ ಜಾಸ್ತಿ. ವಿಮಾನ ಸ್ವಲ್ಪ ಅಲ್ಲಾಡುತ್ತೆ, ಏನೂ ಆಗಲ್ಲ. ಬೆಲ್ಟ್ ಹಾಕ್ಕೊಂಡಿದೀನಿ. ಇನ್ನೊಂದೂವರೆ ಗಂಟೆ ಅಷ್ಟೆ. ಒಂದು ಗಂಟೆ. ಕೇಳ್ತಿದೀಯಾ? ನೀನು ಮಾತಾಡ್ಬೇಡ, ಸುಮ್ನೆ ಕೇಳು. ಈಗ ನಿಮ್ಮ ಊರಿನ ಬೆಟ್ಟ ಕಾಣ್ತಿದೆ. ಮೇಲೆಲ್ಲ ಹಿಮ. ಬೆಟ್ಟ ದಾಟಿದ್ರೆ ಬಯಲು. ಬಯಲು ಮುಗಿದ್ರೆ ನೀನು.”

ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಬಯಲು ಮುಗಿಯಿತು, ಅವಳು ಮಾತಾಡಲಿಲ್ಲ. ನಾನು ವಿಮಾನವನ್ನು ಇಳಿಸಲಿಲ್ಲ. ಊರಿನ ಮೇಲೆ ಸುತ್ತು ಹಾಕಿಸಿದೆ. ಜಾಗ ಖಾಲಿಯಿಲ್ಲವಂತೆ, ಇನ್ನೊಂದು ಸುತ್ತು ಎಂದೆ. ಇನ್ನೊಂದು ಎಂದೆ. ನನ್ನ ದನಿ ಒಡೆದು ಹೋಗಿತ್ತು, ಆಂಟಿ ನನ್ನ ಬೆನ್ನು ಹಿಡಿದುಕೊಂಡು ಕೂತಿದ್ದರು. ಅಷ್ಟು ಹೊತ್ತಿಗೆ ಹೊರಗೆ ಪೂರ್ತಿ ಕತ್ತಲಾಗಿತ್ತು, ಯಾರೂ ಎದ್ದು ಲೈಟು ಹಾಕಿರಲಿಲ್ಲ. ಎಷ್ಟು ಸುತ್ತು ಹಾಕಿದೆನೋ ನನಗೆ ಗೊತ್ತಿಲ್ಲ.

“ಅಕ್ಕ.”

ನಾನು ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡೆ.

“ಅಕ್ಕ, ಹೋಗ್ಬಿಟ್ಯಾ?”

“ಇಲ್ಲ ಕಣೆ” ಎಂದೆ. “ಎಲ್ಲಿಗೂ ಹೋಗ್ಲಿಲ್ಲ. ಇಲ್ಲೇ ಇದೀನಿ.”